ನೀಲಗಂಗವ್ವನ ಹುಳ

ಗಳಗನಾಥ
೧೨ ನವೆಂಬರ್ ೨೦೨೪

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ರಾಣೇಬೆನ್ನೂರಿಗೆ ಅಕ್ಕನ ಬಾಣಂತನ ಮಾಡಲು ಹೋದವಳು ನೀನೇ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದೀಯಂತೆ, ಅಪ್ಪ ಹೇಳಿ ನಗುತ್ತಿದ್ದ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯಾ? ಅಕ್ಕಾ, ಇದನ್ನು ಅವ್ವನಿಗೆ ಒಂದಕ್ಷರ ಬಿಡದೆ ಓದಿ ಹೇಳು.

ನಮ್ಮ ಹುಳ ಗೆದ್ದಿತು, ಅವ್ವಾ. ವರದಾ ಹೊಳೆಯಲ್ಲಿ ಮರಳಿನ ಕಾಳು ಅಂಟಿಸಿಕೊಂಡು ಕೊಳವೆಯಂಥ ಗೂಡು ಕಟ್ಟಿ, ರೆಕ್ಕೆ ಬಂದ ಮೇಲೆ ಪತಂಗದಂತೆ ಹಾರುವ ಆ ಹುಳ ಈವರೆಗೆ ಯಾರೂ ದಾಖಲಿಸದ ಜಾತಿ. ಗಂಡುಹುಳದ ಬಾಲದ ತುದಿಯ ಕೊಂಡಿ ಬೇರೆ ಯಾವುದಕ್ಕೂ ಹೊಂದುವುದಿಲ್ಲ. ಆ ಕೊಂಡಿಯ ಚಿತ್ರ ಬರೆಯುವುದರಲ್ಲೇ ನನಗೆ ನಾಲ್ಕು ತಿಂಗಳು ಹೋಯಿತು. ಮೊದಲ ಗಂಡುಹುಳವನ್ನು ನೀನೇ ಮೋರಿಗೆ ಚೆಲ್ಲಿದ್ದು ನೆನಪಿದೆಯಾ? ಹುಳ ಕೆಡದಂತೆ ಹಾಕಿಟ್ಟಿದ್ದ ಸ್ಪಿರಿಟ್‌ನ ವಾಸನೆ ಬಡಿದದ್ದೇ ತಡ, ಅಪ್ಪ ಕುಡಿಯಲು ಕಲಿತನೆಂದು ಬಾಟಲಿ ಬೋರಲು ಹಾಕಿ, "ಈ ವಯಸ್ಸಿನ್ಯಾಗ ಇದೊಂದು ಬಾಕಿ ಇತ್ತೇನ್ರಿ ನಿಮಗ?" ಎಂದು ಓಣಿಗೆಲ್ಲ ಕೇಳುವಂತೆ ಬೈದಿದ್ದೆ. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ನೀನೇ ನನ್ನನ್ನು ಬಟ್ಟೆ ಒಗೆಯುವ ಕಲ್ಲಿಗೆ ಕರೆದೊಯ್ದೆ. "ಮಳಿ ನಿಂತು ಹೊಳಿ ತಿಳಿಯಾದ ವಾರಕ್ಕ ಇವಕ್ಕ ರೆಕ್ಕಿ ಬರ್ತಾವ. ಲಗ್ನಾಗಿ ಬಂದಾಗಿಂದ ನೋಡಾಕತ್ತೇನಿ" ಅಂದೆ. ಅಪ್ಪನ ಧೋತರವನ್ನು ಪರದೆಯಂತೆ ಕಟ್ಟಿ, ಹುಳ ಬೆಳಕಿಗೆ ಬರಲೆಂದು ಮುಸ್ಸಂಜೆಗೆ ಕಂದೀಲು ಹಚ್ಚಿದೆವು. ಹನ್ನೊಂದು ಹುಳ ಬಂದವು, ಹನ್ನೊಂದನ್ನೂ ಹಿಡಿದವಳು ನೀನು. ನಾನು ಓದಿದ ಯಾವ ಪುಸ್ತಕದಲ್ಲೂ ಆ ವಾರದ ಸುದ್ದಿ ಇರಲಿಲ್ಲ.

ಈಗ ಹಾವೇರಿಯಲ್ಲಿ ನಮ್ಮ ಗೈಡ್ ಸಾಹೇಬರ ತಕರಾರು. ಪ್ರಯೋಗಾಲಯ ಕಟ್ಟಿಸಿಕೊಟ್ಟ ದಾನಿಯ ಹೆಸರನ್ನೇ ಹುಳಕ್ಕೆ ಇಡಬೇಕಂತೆ. ನಾನು ನಿನ್ನ ಹೆಸರು ಬರೆದುಕೊಟ್ಟೆ. "ಹೆಬ್ಬೆಟ್ಟು ಒತ್ತೋ ಹೆಣ್ಮಗಳ ಹೆಸರು ವಿಜ್ಞಾನಕ್ಕ ಯಾಕ ಬೇಕವಾ?" ಅಂದರು. "ಹುಳಾ ಹಿಡಿದದ್ದೂ ಅದಾ ಹೆಬ್ಬೆಟ್ರಿ, ಸರ್" ಅಂದೆ. ಹೆಸರು ಬದಲಿಸದಿದ್ದರೆ ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲವಂತೆ. ಹಾಕದಿದ್ದರೆ ಬಿಡಲಿ, ಬೇರೆ ಗೈಡ್ ಹುಡುಕುತ್ತೇನೆ. ಹುಳದ ಬಗ್ಗೆ ಲೇಖನ ಬರೆದವಳು ನಾನು, ಹೆಸರಿಡುವವಳೂ ನಾನೇ. ನಿನ್ನೆ ಹುಳಕ್ಕೆ ನಿನ್ನ ಹೆಸರನ್ನೇ ಇಟ್ಟು ಅದನ್ನು ಅಚ್ಚಿಗೆ ಕಳಿಸಿಬಿಟ್ಟೆ. ಅಪ್ಪ ಬ್ಯಾಡಗಿಗೆ ಹೊರಟವನು ಇದನ್ನು ಕೇಳಿ, "ನನ್ನ ಧೋತರದ ಹೆಸರು ಎಲ್ಲೂ ಇಲ್ಲೇನು?" ಎಂದು ಮುಖ ಉಬ್ಬಿಸಿಕೊಂಡು ಹೋದ.

ಕೂಸಿಗೆ ಚಿಕ್ಕವ್ವನ ಮುತ್ತು. ನಿನ್ನ ಪಾದಕ್ಕೆ ನನ್ನ ಹಣೆ.

ನಿನ್ನ ಹಟಮಾರಿ,
ಸುರೇಖಾ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಲಗೂ ಬರೆಯುತ್ತಿದ್ದೇನೆ. ಜೊತೆಗೊಂದು ಚೀಟಿ ಇಟ್ಟಿದ್ದೇನೆ. ನೀವು ಅದನ್ನು ತಿರುಗಿ ಕಳಿಸಿದ ಮೇಲೆ, ಸಂಗ್ರಹಾಲಯಕ್ಕೆ ಹೋಗುವ ಹುಳದ ಬಾಟಲಿಯೊಳಗೆ ಹಾಕುತ್ತಾರೆ. 'ಹಿಡಿದವರು' ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಅಕ್ಕಾ, ನೀನು ಬರೆಯಬೇಡ, ಅವ್ವನಿಗೆ ಕಲಿಸು. 'ನೀಲಗಂಗವ್ವ' ಐದೇ ಅಕ್ಷರ, ಸೊಟ್ಟಗಾದರೂ ನಡೆಯುತ್ತದೆ. ಸ್ಪಿರಿಟ್‌ನಲ್ಲಿ ಶಾಯಿ ಕದಡುತ್ತದೆ, ಪೆನ್ಸಿಲ್‌ನಲ್ಲೇ ಬರೆಸು. ಆಮೇಲೆ ಅವ್ವಾ, ಬೆರಳಿಗೆ ಪೆನ್ಸಿಲ್ ಪುಡಿ ಸವರಿಕೊಂಡು, ಹೆಸರಿನ ಪಕ್ಕದಲ್ಲೇ ಆ ಹೆಬ್ಬೆಟ್ಟನ್ನೂ ಒತ್ತು.