ಬಂಜಾರಾ ಹಿಲ್ಸ್‌ನಲ್ಲಿ ವರನ ವಿಚಾರಣೆ

೨೮ ಅಕ್ಟೋಬರ್ ೨೦೦೭, ಭಾನುವಾರ

ವಾಕಿಂಗ್ ಆಯಿತು. ಮೊಣಕಾಲು ಪರವಾಗಿಲ್ಲ. ತಲೆಯಲ್ಲಿ ಮಾತ್ರ ನಿನ್ನೆ ಬಂದು ಹೋದ ಹುಡುಗನ ಮನೆಯವರದೇ ಕೊರೆತ. ಹುಡುಗ ದತ್ತಾತ್ರೇಯ ಒಳ್ಳೆಯವನಂತೆಯೇ ಕಾಣುತ್ತಾನೆ. ಏಳು ವರಗಳನ್ನು ಬೇಡವೆಂದ ನಮ್ಮ ಮಗಳು ಮಂದಾಕಿನಿ ಇವನಿಗೆ ಹೂಂ ಅಂದಿದ್ದಾಳೆ. ಆದರೆ ಅವನ ತಾಯಿ ಯಾರೂ ಕೇಳದೆಯೇ ಮೂರು ಸಲ ಹೇಳಿದರು: "ನಮ್ಮ ದತ್ತು ಚಹಾ ಸುದ್ದಾ ಕುಡಿಯಂಗಿಲ್ರಿ."

ಮೂವತ್ತೆರಡು ವರ್ಷ ಆಡಿಟ್ ಮಾಡಿದವನು ನಾನು. ಕೇಳದೆ ಕೊಟ್ಟ ವಿವರಣೆಯಲ್ಲಿ ಏನೋ ಇದ್ದೇ ಇರುತ್ತದೆ. ಹುಡುಗನ ಆಫೀಸು ಬೇರೆ ಬಂಜಾರಾ ಹಿಲ್ಸ್‌ನಲ್ಲಿ. ಇವತ್ತಿನ ಪೇಪರಿನಲ್ಲಿ ಅರ್ಧ ಪುಟ: ಬಂಜಾರಾ, ಜುಬಿಲಿ ಹಿಲ್ಸ್‌ಗಳಲ್ಲಿ ನೋಡಲೇಬೇಕಾದ ಹಳೆಯ ಪಬ್ಬುಗಳು. ಕತ್ತರಿಸಿಟ್ಟುಕೊಂಡೆ. ಹೆಂಡತಿ ಯಮುನಾಗೆ ಹೇಳಿಲ್ಲ. ತುಳಸಿ ಲಗ್ನದ ದಿನ ಅವರಿಗೆ ಉತ್ತರ ಕೊಡಬೇಕು.

೩೦ ಅಕ್ಟೋಬರ್

ಯಮುನಾಗೆ ಎಂದಿನಂತೆ ಮಠಕ್ಕೆ ಎಂದು ಹೇಳಿ ಕೂಕಟ್‌ಪಲ್ಲಿಯಿಂದ ಬಸ್ಸು ಹಿಡಿದೆ. ಮೊದಲನೆಯ ಪಬ್ಬು. ಬಾಗಿಲಲ್ಲಿ ಸಲಾಂ ಹೊಡೆದರು! ಒಳಗೆ ಎದೆಗೆ ಗುದ್ದುವ ಸಂಗೀತ. ಗೋಡೆಗೊಂದು ಬಂಡಿಯ ಗಾಲಿ ನೇತುಹಾಕಿದರೆ ಹಳೆಯದಾಯಿತೇ? ದತ್ತು ಇರಲಿಲ್ಲ.

೫ ನವೆಂಬರ್

ಎರಡನೆಯದು ದಂಡ. ಮೂರನೆಯದು ನಿಜಕ್ಕೂ ಹಳೆಯದು — ತೇಗದ ಕೌಂಟರ್, ಹಿತ್ತಾಳೆ ಗಂಟೆ, ಗೋಡೆಯ ಮೇಲೆ ರೇಸಿನ ಕುದುರೆಗಳು. ಗದ್ದಲವಿಲ್ಲ. ಕಿಟಕಿಯಿಂದ ದತ್ತುವಿನ ಆಫೀಸಿನ ಗೇಟೇ ಕಾಣುತ್ತದೆ. ಹಿಡಿದರೆ ಇಲ್ಲೇ ಹಿಡಿಯಬೇಕು. ಫ್ರೆಶ್ ಲೈಮ್ ಸೋಡಾ ಕುಡಿದೆ. ಹುರಿದ ಶೇಂಗಾ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ.

೧೩ ನವೆಂಬರ್

ದೀಪಾವಳಿ ಮುಗಿಯಿತು. ಮತ್ತೆ ದಿನವೂ ಅಲ್ಲಿಗೇ. ಈಗ ವೇಟರ್‌ಗೆ ನನ್ನ ಗುರುತಾಗಿದೆ: "ಆವೋ ರಾವ್ ಸಾಬ್, ಆಪ್‌ಕಾ ಟೇಬಲ್ ಖಾಲೀಚ್ ಹೈ." ನನ್ನ ಟೇಬಲ್ ಖಾಲಿಯೇ ಇದೆಯಂತೆ!

ಹೊಸ ಸಂಗತಿ. ಮೂಲೆಯಲ್ಲಿ ಸಫಾರಿ ತೊಟ್ಟ ಒಬ್ಬ. ಪೇಪರು ತೆರೆದಿಟ್ಟಿದ್ದಾನೆ, ಹಾಳೆ ತಿರುವುವುದಿಲ್ಲ. ಕಣ್ಣೆಲ್ಲ ನನ್ನ ಮೇಲೆ. ಕುಡಿಯುವುದೂ ಬರೀ ಸೋಡಾ. ಪಬ್ಬಿಗೆ ಬಂದು ಸೋಡಾ ಕುಡಿಯುವವನನ್ನು ಹೇಗೆ ನಂಬುವುದು?

೧೬ ನವೆಂಬರ್

ಸಫಾರಿಯವನು ವೇಟರ್‌ನನ್ನು ಕರೆದು ಏನೋ ಕೇಳಿದ. ಇಬ್ಬರೂ ನನ್ನ ಕಡೆ ನೋಡಿದರು. ಜೇಬುಗಳ್ಳನೇ ಇರಬೇಕು... ಪರ್ಸನ್ನು ಒಳಜೇಬಿಗೆ ಹಾಕಿಕೊಂಡೆ.

ದತ್ತು ಆರೂವರೆಗೆ ಗೇಟಿನಿಂದ ಹೊರಬಂದ. ಸ್ಕೂಟರ್ ಹತ್ತಿ ನೆಟ್ಟಗೆ ಮನೆ ದಾರಿ. ದಿನವೂ ಇಷ್ಟೇ.

೨೦ ನವೆಂಬರ್

ಹುಡುಗ ಪಾಸ್. ಒಂದು ಆಕ್ಷೇಪಣೆಯೂ ಇಲ್ಲ. ನಾಳಿದ್ದು ಹೂಂ ಹೇಳುತ್ತೇನೆ. ಮಂದಾಕಿನಿ ಅಡಿಗೆಮನೆಯಲ್ಲಿ ಏನೋ ಗುನುಗುತ್ತಿದ್ದಾಳೆ. ಕೇಳಿ ಹೊಟ್ಟೆ ತಣ್ಣಗಾಯಿತು.

೨೨ ನವೆಂಬರ್, ಬೆಳಿಗ್ಗೆ ೧೦

ಸಂಬಂಧ ತಂದ ಗೋದಾಬಾಯಿಯ ಫೋನು.

"ನರಹರಿರಾಯರ, ಅವರು ಬ್ಯಾಡ ಅಂದಾರ್ರಿ."

"ಯಾಕ್ರಿ?"

"ಹುಡುಗಿ ಭಾಳ ಛಲೋ ಅಂತಾರ. ಖರೆ, ಬೀಗರು ದಿನಾ ಬಾರಿನಾಗ ಕುಂದರತಾರಂತ. ಹುಡುಗನ ಸೋದರಮಾವ ನಿಮ್ಮ ಬಗ್ಗೆ ಮಠದಾಗ ವಿಚಾರಿಸಿದ್ರಂತ. ಎರಡು ವಾರದಿಂದ ಯಾರೂ ನಿಮ್ಮನ್ನ ನೋಡಿಲ್ಲಂತ. ಆಮ್ಯಾಲೆ ನಿಮ್ಮ ಹಿಂದ ಬಂದು ಕಣ್ಣಾರೆ ನೋಡ್ಯಾರ. ವೇಟರ್ ನಿಮ್ಮನ್ನ ಹೆಸರು ಹಿಡದು ಕರೀತಾನಂತಲ್ರಿ!"

ಸಫಾರಿಯವನು.

ಸಂಜೆ ೫

ಯಮುನಾ ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಮಂದಾಕಿನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪಾ, ನೋಡ್ಲಿಕ್ಕೆ ಬಂದ ದಿನ ಟೆರೇಸಿನ ಮ್ಯಾಲೆ ನಾನ ಅವರನ್ನ ಕೇಳಿದ್ದೆ, ಕುಡೀತೀರೇನು ಅಂತ. ಕಾಲೇಜಿನಾಗ ಒಮ್ಮೆ ಬೀಯರ್ ಕುಡದು ವಾಂತಿ ಮಾಡಿಕೊಂಡೆ, ಆಮ್ಯಾಲೆ ಮುಟ್ಟಿಲ್ಲ ಅಂದ್ರು. ಮುಚ್ಚಿಡಲಿಲ್ಲಲ್ಲ ಅಂತನ ನಾ ಹೂಂ ಅಂದಿದ್ದು. ನನ್ನ ಒಂದು ಮಾತು ಕೇಳಿದ್ರ..."

ಕೇಳಲಿಲ್ಲ. ಊರೆಲ್ಲ ಸುತ್ತಿದೆ, ಮಗಳನ್ನು ಕೇಳಲಿಲ್ಲ. ತುಂಬಾ ನಾಚಿಕೆಯಾಗುತ್ತಿದೆ. ಅವರಿಗೆ ನಿಜ ಹೇಳಬೇಕು. ಹೇಳಿದರೆ ಕುಡುಕನೆಂಬುದು ಹೋಗಿ, ಅವರ ಮಗನ ಹಿಂದೆ ಪತ್ತೇದಾರಿ ಮಾಡಿದವನಾಗುತ್ತೇನೆ. ಆ ಮಾವನೂ ಅದನ್ನೇ ಮಾಡಿದನಲ್ಲ! ಆದರೆ ಹೆಣ್ಣಿನ ಕಡೆಯವನು ಹಾಗೆನ್ನಲು ಬರುತ್ತದೆಯೇ?

ಮಂದಾಕಿನಿ ಹುಡುಗನ ಮನೆಯ ನಂಬರ್ ಒತ್ತಿ ಫೋನ್ ಹಿಡಿದು ಎದುರಿಗೇ ನಿಂತಿದ್ದಾಳೆ. ಇದೊಂದು ಸಾಲು ಬರೆದುಬಿಡುತ್ತೇನೆ ಎಂದೆ.

"ಆಮ್ಯಾಲೆ ಬರೀರಿ, ಅಪ್ಪಾ. ಎತ್ತಿದ್ರು ಅವರು—"