ಅಕ್ಕನ ನಾಲಿಗೆಯಲ್ಲಿ ಉಳಿದ ಎರಡು ಮಾತು

ಅಕ್ಕಾ ಲೇಸಿಯೆಲಿ,

ಇದನ್ನು ನಿನ್ನ ಮಗಳು ಕಲೋಲೈನಿ ಓದಿ ಹೇಳುತ್ತಾಳೆ. ಮಾತು ಹೊರಡದಿದ್ದರೂ ಕೇಳಿದ್ದೆಲ್ಲ ನಿನಗೆ ತಿಳಿಯುತ್ತದೆಂದು ಡಾಕ್ಟರು ಹೇಳಿದ್ದಾರಂತೆ. ಹಾಗಾಗಿ ಮುಚ್ಚುಮರೆ ಬೇಡ.

ಅಮ್ಮನನ್ನು ಮಣ್ಣು ಮಾಡಿದ ದಿನ ಅವಳು ಒಡವೆಯಂತೆ ಕಾದಿಟ್ಟಿದ್ದ ನವಿರು ಚಾಪೆಯನ್ನು ನೀನು ನನ್ನನ್ನೊಂದು ಮಾತೂ ಕೇಳದೆ ಪಾದ್ರಿಗಳಿಗೆ ಕೊಟ್ಟುಬಿಟ್ಟೆ. ಅದರಲ್ಲಿ ಅರ್ಧ ನಾನು ನೇಯ್ದದ್ದು. ಅಲ್ಲಿಂದ ಒಂಬತ್ತು ವರ್ಷ ಎದುರುಬದುರು ಮನೆಗಳಲ್ಲಿ ಮಾತುಬಿಟ್ಟು ಬದುಕಿದೆವು. ಉಣ್ಣಲು ಕೂತವರು ದಾರಿಹೋಕರನ್ನು "ಹಉ ಕಾಯ್, ಬಾ ಊಟಕ್ಕೆ" ಎಂದು ಕರೆಯದಿದ್ದರೆ ನಮ್ಮ ದ್ವೀಪದಲ್ಲಿ ಅದು ಬೈಗುಳಕ್ಕಿಂತ ಹೆಚ್ಚು. ನಾನು ಮೀನು ಮಾರುವವನನ್ನು ಕರೆದೆ, ಗುರುತಿಲ್ಲದವರನ್ನೂ ಕರೆದೆ. ನೀನು ಇಗರ್ಜಿಗೆ ಹೋಗುವಾಗ ಮಾತ್ರ ನಾನು ತಲೆ ತಗ್ಗಿಸಿ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದೆ. ನೀನೇನು ಕಡಿಮೆಯೇ? ನನ್ನ ನಾಯಿಯನ್ನು ಕರೆದು, "ಬಾರೋ, ತಿನ್ನು ಬಾ. ನಿಮ್ಮನೇಲಿ ಕರೆಯೋ ನಾಲಿಗೆ ಬಿದ್ದೋಗಿದೆ" ಎಂದದ್ದು ನನಗೆ ಕೇಳಿಸಿತ್ತು.

ಕಳೆದ ತಿಂಗಳು ಕಲೋಲೈನಿ ಓಡಿಬಂದು, "ಚಿಕ್ಕಮ್ಮಾ, ಅಮ್ಮ ಬಿದ್ಬಿಟ್ಳು, ಏನೇನೋ ಆಡ್ತಿದಾಳೆ" ಎಂದಳು. ಬಂದೆ. ನಿನ್ನ ಬಲಗೈ ಸೋತುಹೋಗಿತ್ತು. ಹೆಸರು ಕೇಳಿದರೆ "ಮಾಲೋ ಎ ಲೇಲೆಯ್". ನೀರು ಬೇಕೇ ಎಂದರೂ ಅದೇ ನಮಸ್ಕಾರ. ಊರ ನರ್ಸ್ ಹೇಳಿದಳು: "ಉಳಿದಿದ್ದೆಲ್ಲ ಹೋದ್ರೂ ದಿನಾ ಆಡೋ ಮಾತು ನಾಲಿಗೇಲಿ ಉಳ್ಕೊಂಡಿರುತ್ತೆ ಕಣಮ್ಮ. ಅದ್ರಲ್ಲಿ ಅರ್ಥ ಹುಡುಕ್ಬೇಡಿ."

ಆಗ ನೀನು ನನ್ನ ಕಡೆ ತಿರುಗಿ "ಹಉ ಕಾಯ್" ಎಂದೆ. ಮನೆಯಲ್ಲಿ ಒಲೆಯೇ ಹೊತ್ತಿರಲಿಲ್ಲ.

ಅದು ನನ್ನನ್ನು ಕರೆದದ್ದೋ, ನಾಲಿಗೆ ತಾನಾಗಿ ಆಡಿದ್ದೋ ನನಗೆ ಗೊತ್ತಿಲ್ಲ. ನರ್ಸ್ ಹೇಳಿದ್ದೇ ನಿಜವಿರಬಹುದು. ಆದರೂ ಕರೆದಮೇಲೆ ಕೂರದೆ ಹೋಗುವುದನ್ನು ಅಮ್ಮ ನಮಗೆ ಕಲಿಸಿರಲಿಲ್ಲ. ನಿನ್ನ ಬುಟ್ಟಿಯಲ್ಲಿದ್ದ ಜೀಗುಜ್ಜೆ ಬೇಯಿಸಿ, ತೆಂಗಿನಹಾಲು ಹಾಕಿಕೊಂಡು, ನಿನ್ನ ಪಕ್ಕ ಕೂತು ತಿಂದೆ. ಉಪ್ಪು ಹಾಕಲು ಮರೆತಿದ್ದೆ. ನಿನಗೆ ನುಂಗಲಾಗುತ್ತಿರಲಿಲ್ಲ. ನಾನು ತಿಂದು ಮುಗಿಸುವವರೆಗೂ ನೀನು ನನ್ನಿಂದ ಕಣ್ಣು ಕೀಳಲಿಲ್ಲ. ಮರುದಿನ ನಿನ್ನನ್ನು ಹಡಗಿಗೆ ಹತ್ತಿಸಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದರು.

ಚಾಪೆಯ ವಿಷಯದಲ್ಲಿ ತಪ್ಪು ನಿನ್ನದೇ. ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ತಿರುಗಿ ಜವಾಬು ಕೊಡಲಾಗದವಳ ಜೊತೆ ಜಗಳವಾಡುವುದು ನನಗೆ ಸೇರದು. ಬುಧವಾರದ ಹಡಗಿಗೆ ಬರುತ್ತೇನೆ. ಕಲೋಲೈನಿ ಮಲಗಲಿ, ನಾನು ಕೂರುತ್ತೇನೆ. ಉಪ್ಪು, ನೀರು, ಮೀನು ಎಂದು ಒಂದೊಂದೇ ಮಾತು ಹೇಳಿಕೊಡುತ್ತೇನೆ. ನನ್ನನ್ನು ಬೈಯುವಷ್ಟು ಬಂದರೆ ಸಾಕು.

ಅಲ್ಲಿಯವರೆಗೆ ದೇವರು ನಿನ್ನ ಜೀವ ಕಾಯಲಿ.

ನಿನ್ನ ತಂಗಿ,
ಫೂಸಿ