ತಮ್ಮನ ತಟ್ಟೆಯಲ್ಲಿ ಉಳಿದದ್ದು

ಬುಧವಾರ, ಮಾರ್ಚ್ 6

ಇವತ್ತು ಉಪವಾಸ. ಸಂಜೆ ಪ್ರಾರ್ಥನೆವರೆಗೆ ನೀರು ಮಾತ್ರ. ಅಂಗಳ ಗುಡಿಸಿ, ಹಂದಿಗಳಿಗೆ ಕಾಯಿ ಒಡೆದು ಹಾಕಿ, ಚಾಪೆಗಳನ್ನ ಬಿಸಿಲಿಗೆ ಹಾಕಿದ್ದಾಯಿತು.

ಬೇಲಿಯಾಚೆ ತಮ್ಮನ ಅಡುಗೆಮನೆಯಲ್ಲಿ ಮತ್ತೆ ಲುಪೆ, ತೂಕದ ಮಷೀನು ಇಟ್ಟುಕೊಂಡು. ತಮ್ಮ ಮೊಸೆಸೆಯ ಮಗಳು. ಫೀಜಿಯಲ್ಲಿ ಊಟ-ಪೋಷಣೆ ವಿಷಯ ಓದುತ್ತಾಳೆ — ಡಿಗ್ರಿ ಆದ ಮೇಲಿನ ಓದು. ಉಣ್ಣುವ ಮುಂಚೆ ತಟ್ಟೆ ತೂಗುವುದು, ಉಂಡ ಮೇಲೆ ಉಳಿದದ್ದು ತೂಗುವುದು. ಯಾರು ಓದುತ್ತಾರೆ ಇದನ್ನ ಅಂದೆ. ಪ್ರೊಫೆಸರ್ ಅಂದಳು. ನಂಬಿಕೆ ಬರಲಿಲ್ಲ. ಅವಳಮ್ಮ ವೈಮೋನಾಗೆ ನಗು. "ಅವ್ಳು ತೂಗ್ತಾ ಇರ್ಲಿ ಅಕ್ಕ, ನಾವು ದಪ್ಪ ಆಗ್ತಾ ಇರೋಣ."

ಶುಕ್ರವಾರ, 8

ನಮ್ಮ ಟೋಂಗಾದಲ್ಲಿ ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಕೂರುವ ಹಾಗಿಲ್ಲವಲ್ಲ. ಮೊಸೆಸೆ ಉಂಡು ಎದ್ದ ಮೇಲೆ ಒಳಗೆ ಹೋದೆ. ಲುಪೆ ಅವನ ತಟ್ಟೆ ಮೇಲೆ ಬಗ್ಗಿದ್ದಳು. ನನ್ನ ಕಂಡು ಕೈ ಎಳೆದುಕೊಂಡಳು. ಅಪ್ಪನ ಎಂಜಲು ಮಗಳು ತಿನ್ನುವುದಿರಲಿ, ಮುಟ್ಟಲೂಬಾರದು. ಫೀಜಿಗೆ ಹೋಗಿ ಟೋಂಗಾ ಮರೆತಳೇ? ಇಲ್ಲಾ ಬೇರೇನಾದರೂ... ದೇವರೇ ಕಾಪಾಡು.

ಭಾನುವಾರ, 17

ಅವಳ ಮೇಲೆ ಕಣ್ಣಿಟ್ಟೇ ಇದ್ದೆ. ಚರ್ಚಿನಿಂದ ಬಂದು ಊಟವಾದ ಮೇಲೆ ಸಿಕ್ಕಿಬಿದ್ದಳು — ಅಪ್ಪನ ಎಂಜಲು ತಟ್ಟೆಯ ಫೋಟೊ ತೆಗೆಯುತ್ತಾ.

"ಏನೇ ಇದು?"

"ಮುಟ್ಟಿಲ್ಲ ಅತ್ತೆ. ಮುಟ್ಟಬಾರ್ದು ಅಂತಾನೇ ಫೋಟೊ."

ಫೋಟೊ ಸಾಲದಂತೆ. ಚೀಟಿ ಎತ್ತಿ ಆರಿಸಿದ ಮನೆಗಳಲ್ಲಿ ನಮ್ಮದೂ ಬಂದಿದೆ, ಬಿಡುವ ಹಾಗಿಲ್ಲ. ಅಪ್ಪನ ತಟ್ಟೆಯ ಲೆಕ್ಕ ಸಿಗದಿದ್ದರೆ ಓದು ಅರ್ಧಕ್ಕೇ ನಿಲ್ಲುತ್ತದಂತೆ. ಅಂದಾಜಿನಲ್ಲಿ ಬರೆದರೆ ಸುಳ್ಳು. ತೂಗು ಅಂತ ಅಮ್ಮನಿಗೆ ಹೇಳಿದರೆ ತೂಗುವ ಮುಂಚೆಯೇ ಹಂದಿಗೆ ಸುರಿದುಬಿಡುತ್ತಾಳಂತೆ.

"ನೀವು ಮುಟ್ಟಬಹುದು ಅತ್ತೆ. ಅಕ್ಕ ಆದ್ದರಿಂದ ಅಪ್ಪನಿಗಿಂತ ಮೇಲಿನವರು ನೀವು."

ನೋಡೋಣ ಅಂದೆ. ಆ ಎಂಜಲು ಸುರಿಯುವುದಕ್ಕೆ ವೈಮೋನಾಗೆ ಅಷ್ಟು ಅವಸರ ಯಾಕೆ?

ಮಂಗಳವಾರ, 19

ವೈಮೋನಾ ಕೈ ಹಾಕುವ ಮುಂಚೆ ನಾನೇ ಹೋಗಿ ತಟ್ಟೆ ತೂಗಿದೆ. ಕೆಸುವಿನ ಗೆಡ್ಡೆ, ಸೊಪ್ಪು — ಬಡಿಸಿದ ಹಾಗೇ ಇದ್ದವು. ಕೊಬ್ಬಿನ ಕುರಿಮಾಂಸ ಮಾತ್ರ ಮೂಳೆ ಬಿಟ್ಟು ಏನೂ ಇಲ್ಲ. ಹೋದ ವರ್ಷ ಸಕ್ಕರೆ ಕಾಯಿಲೆಗೆ ಕಾಲ್ಬೆರಳು ತೆಗೆದರು ಇವನಿಗೆ. ಕೊಬ್ಬು ಬಿಟ್ಟೆ ಅಂತ ಚರ್ಚಿನಲ್ಲಿ ಎದ್ದು ನಿಂತು ಹೇಳಿದ್ದ. ಕಳ್ಳ ಯಾರು ಅಂತ ಈಗ ಗೊತ್ತಾಯಿತು.

ಸಂಜೆ

ವೈಮೋನಾ ಬಂದಳು. ಇವತ್ತು ನಗು ಇಲ್ಲ. ತಟ್ಟೆ ತೂಗಿದ್ದು ಗೊತ್ತಾಗಿ ಮೊಸೆಸೆ ಹೇಳಿ ಕಳಿಸಿದ್ದಾನೆ — ಹುಡುಗಿ ಮತ್ತೆ ಫೀಜಿಗೆ ಹೋಗುವುದು ಬೇಡ, ಓದಿದ್ದು ಸಾಕು, ಸೋದರತ್ತೆ ಬೇಡ ಅಂದರೆ ಅವಳು ಮೀರುವುದಿಲ್ಲ. ಆಮೇಲೆ ಹೇಳ್ತೀನಿ ಅಂತ ಕಳಿಸಿದೆ.

ಯೋಚಿಸುವುದಕ್ಕೆ ಏನಿದೆ? ಮೊಣಕಾಲೂರಿ ಪ್ರಾರ್ಥನೆ ಮಾಡಿದೆ, ಅಷ್ಟೇ. ಲುಪೆ ಶುಕ್ರವಾರದ ವಿಮಾನ ಹತ್ತುತ್ತಾಳೆ, ಅಪ್ಪನ ತಟ್ಟೆಯ ತೂಕವನ್ನೂ ತೆಗೆದುಕೊಂಡು. ನಾಳೆಯಿಂದ ಅವನ ಊಟ ನನ್ನ ಒಲೆಯಿಂದ.

ಅವನು ಒಳಗಿರುವಾಗ ನಾನು ಹೋಗಿ ಹೇಳುವ ಹಾಗಿಲ್ಲ. ಬೇಲಿ ಹತ್ತಿರ ನಿಂತು ಎರಡು ಸಲ ಕೂಗಿದೆ. ವೈಮೋನಾ, ಎಲ್ಲಿದ್ದೀಯೇ... ಬಂದು ನನ್ನ ಉತ್ತರ ತಗೊಂಡು ಹೋಗೇ —